ಎಲೆ ಹಳದಿಯಾದ ಮಾತ್ರಕ್ಕೆ ಗೊಬ್ಬರ ಹಾಕಬೇಡಿ

ದಿನಕ್ಕೆರಡು ಬಾರಿ ನೀರುಣಿಸಿದರೂ ಹಿತ್ತಲಿನ ಟೊಮೆಟೊ, ಬದನೆ ಗಿಡಗಳು ಹಳದಿಯಾಗಿ ಬಾಡುತ್ತಿವೆ, ಯಾವ ಗೊಬ್ಬರ ಹಾಕಲಿ ಎಂದು ಕೇಳಿದ್ದೀರಿ. ಯಾವುದೂ ಬೇಡ. ಮೊದಲು ನೀರು ಹಾಕುವುದನ್ನು ನಿಲ್ಲಿಸಿ.

ನನ್ನ ಮೊದಲ ಕೈತೋಟ ಹಾಳಾದದ್ದೂ ಹೀಗೆಯೇ. ಮಧ್ಯಾಹ್ನ ಟೊಮೆಟೊ ಎಲೆಗಳು ಜೋತುಬಿದ್ದುದನ್ನು ಕಂಡು ಮಣ್ಣು ಒಣಗಿದೆಯೆಂದೇ ಭಾವಿಸಿದೆ. ತೇವ ಸಾಕಷ್ಟಿದ್ದರೂ ಉರಿಬಿಸಿಲಿನಲ್ಲಿ ಎಲೆಗಳಿಂದ ನೀರು ಆವಿಯಾಗುವ ವೇಗಕ್ಕೆ ಬೇರುಗಳು ಸರಿಗಟ್ಟಲಾರದೆ ಗಿಡ ಕೆಲಹೊತ್ತು ಬಾಡುತ್ತದೆ, ಸಂಜೆಗೆ ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಆದರೆ ಸಂಜೆಯವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಬೆಳಗಿನ ನೀರು ಇಂಗುವ ಮೊದಲೇ ಮತ್ತೆ ನೀರು ಹಾಕಿದೆ. ಎಲೆ ಹಳದಿಯಾದಾಗ ಸಾರಜನಕದ ಕೊರತೆಯೆಂದು ಯೂರಿಯಾ ಕರಗಿಸಿ ಸುರಿದೆ, ಎಲೆಯಂಚು ಸುಟ್ಟಾಗ ಆ ಗೊಬ್ಬರವನ್ನು ತೊಳೆಯಲೆಂದು ಇನ್ನಷ್ಟು ನೀರು ಬಿಟ್ಟೆ. ಕೊನೆಗೊಂದು ಗಿಡವನ್ನು ಬುಡಸಮೇತ ಕಿತ್ತು ನೋಡಿದರೆ, ಬಿಳಿಯಾಗಿರಬೇಕಾದ ಬೇರುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಬೆರಳುಗಳ ನಡುವೆ ಹಿಡಿದೆಳೆದಾಗ ಹೊರಸಿಪ್ಪೆ ಲೋಳೆಯಾಗಿ ಜಾರಿ, ಒಳಗಿನ ತೆಳ್ಳನೆಯ ನಾರು ಮಾತ್ರ ಕೈಯಲ್ಲಿ ಉಳಿಯಿತು.

ಮಣ್ಣಿನ ಕಣಗಳ ನಡುವೆ ಗಾಳಿ ಇರಬೇಕಾದ ಜಾಗವನ್ನೆಲ್ಲ ನೀರೇ ತುಂಬಿಕೊಂಡರೆ ಬೇರಿಗೆ ಆಮ್ಲಜನಕ ಸಿಗುವುದಿಲ್ಲ; ಉಸಿರುಗಟ್ಟಿದ ಬೇರಿಗೆ ಪೈಥಿಯಂನಂತಹ, ಬೇರು ಕೊಳೆಸುವ ರೋಗಾಣುಗಳು ಸುಲಭವಾಗಿ ತಗಲುತ್ತವೆ, ಕೊಳೆತ ಬೇರು ನೀರನ್ನಾಗಲಿ ಪೋಷಕಾಂಶವನ್ನಾಗಲಿ ಹೀರಲಾರದು. ಆದ್ದರಿಂದಲೇ ಕೆಸರಿನಲ್ಲಿ ನಿಂತ ಗಿಡವೂ ಬಾಡುತ್ತದೆ, ಆದ್ದರಿಂದಲೇ ನೀವು ಹಾಕುವ ಗೊಬ್ಬರ ಅದಕ್ಕೆ ತಲುಪುವುದೂ ಇಲ್ಲ.

ವೇಳಾಪಟ್ಟಿಯಂತೆ ನೀರು ಹಾಕುವುದನ್ನು ನಾನು ಅಂದೇ ಬಿಟ್ಟೆ. ಬುಡದ ಪಕ್ಕದ ಮಣ್ಣಿಗೆ ಎರಡು ಅಂಗುಲದಷ್ಟು ಬೆರಳಿಳಿಸಿ ನೋಡಿ. ಅಲ್ಲಿ ತೇವವಿದ್ದರೆ ಆ ದಿನ ನೀರು ಬೇಡ, ಒಣಗಿದ್ದರೆ ಬೆಳಗಿನ ಹೊತ್ತು ಎಲೆಗಳನ್ನು ನೆನೆಸದೆ ಬುಡಕ್ಕೆ ನಿಧಾನವಾಗಿ, ನೀರು ಆಳಕ್ಕಿಳಿಯುವಷ್ಟು ಹಾಕಿ. ಒಣ ಎಲೆ ಅಥವಾ ಹುಲ್ಲಿನ ಹೊದಿಕೆ ಹಾಸಿದರೆ ತೇವ ಒಂದೇ ಸಮನಾಗಿರುತ್ತದೆ, ಆದರೆ ಅದು ಕಾಂಡಕ್ಕೆ ತಾಗದಿರಲಿ. ಟೊಮೆಟೊ ಕಾಯಿಯ ತುದಿ ಕಪ್ಪಾದೊಡನೆ ಕ್ಯಾಲ್ಸಿಯಂಗಾಗಿ ಮೊಟ್ಟೆಚಿಪ್ಪು ಹಾಕಿ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಸಾಮಾನ್ಯವಾಗಿ ಕ್ಯಾಲ್ಸಿಯಂ ಮಣ್ಣಿನಲ್ಲೇ ಇರುತ್ತದೆ, ನೀರಿನ ಏರುಪೇರಿನಿಂದ ಅದು ಕಾಯಿಗೆ ತಲುಪುವುದಿಲ್ಲ.

ಗೊಬ್ಬರದ ಕೊರತೆ ಇರುವುದೇ ಇಲ್ಲವೆಂದು ನನ್ನ ವಾದವಲ್ಲ. ಸಾರಜನಕ ಸಾಲದಿದ್ದರೆ ಕೆಳಗಿನ ಹಳೆಯ ಎಲೆಗಳು ಮೊದಲು ಪೂರ್ತಿ ಹಳದಿಯಾಗುತ್ತವೆ, ಕಬ್ಬಿಣ ಸಾಲದಿದ್ದರೆ ಎಳೆಯ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಆದರೆ ಬೇರು ಕೆಟ್ಟಾಗಲೂ ಕೆಳಗಿನ ಎಲೆಗಳೇ ಮೊದಲು ಹಳದಿಯಾಗಬಹುದು, ಹಾಗಾಗಿ ಎಲೆಯನ್ನಷ್ಟೇ ನೋಡಿ ತೀರ್ಮಾನಿಸಬೇಡಿ.

ತೀರಾ ಸೊರಗಿದ ಒಂದು ಗಿಡವನ್ನು ಇಂದೇ ಕಿತ್ತು ಬೇರನ್ನು ನೋಡಿ. ಕಂದು ಬಣ್ಣಕ್ಕೆ ತಿರುಗಿ ಕೊಳೆತಿದ್ದರೆ ಅದನ್ನು ಮತ್ತೆ ನೆಡುವ ಆಸೆ ಬಿಡಿ, ಉಳಿದವುಗಳ ಮಣ್ಣು ಆರಲು ಬಿಡಿ. ಪೈಥಿಯಂ ಅನೇಕ ಬೆಳೆಗಳನ್ನು ಕಾಡುವುದರಿಂದ ಆ ಜಾಗದಲ್ಲಿ ಬೇರೆ ತರಕಾರಿ ಹಾಕಿದರಷ್ಟೇ ಸಾಲದು. ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿ, ನೆಲಮಟ್ಟಕ್ಕಿಂತ ಅರ್ಧ ಅಡಿಯಾದರೂ ಎತ್ತರದ ಮಡಿ ಕಟ್ಟಿ, ನೀರು ಬಸಿದುಹೋಗುತ್ತದೆಯೇ ಎಂದು ಪರೀಕ್ಷಿಸಿದ ನಂತರವೇ ಹೊಸ ಸಸಿ ನೆಡಿ.