ತೋಳು ಇಳಿದದ್ದು ನಿಜ, ಆದರೆ ಅದು ಹೇಳಿದ್ದೇನು?

ಆಳಂದ ತಾಲ್ಲೂಕಿನ ಶಾಲಾ ಶಿಕ್ಷಕಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

“ಮಗಳಿಗೆ ಒಂಬತ್ತು ವರ್ಷ. ಕೆಲವು ತಿಂಗಳಿಂದ ಆಗಾಗ ಹೊಟ್ಟೆನೋವು ಅಂತಾಳೆ. ಕಲಬುರಗಿಯ ಒಂದು ಕಲ್ಯಾಣ ಮಂಟಪದಾಗ ಶಿಬಿರ ಇತ್ತು, ಓಣಿಯವರು ಹೇಳಿದರು ಅಂತ ಹೋದೆವು. ‘ಮಸಲ್ ಟೆಸ್ಟಿಂಗ್’ ಅಂದರು. ಹುಡುಗಿ ಸಣ್ಣಾಕಿ, ತೋಳಿನಾಗ ಬಲ ಸಾಲದು ಅಂತ ಹೇಳಿ ಆಕಿ ಕೈ ನನ್ನ ಎಡಗೈಯಾಗ ಹಿಡಿಸಿದರು. ನನ್ನ ಬಲಗೈ ಮುಂದೆ ಚಾಚಿಸಿದರು. ಆಕಿ ಇನ್ನೊಂದು ಕೈಗೆ ಸಣ್ಣ ಶೀಶೆ ಕೊಟ್ಟು ನನ್ನ ತೋಳು ಒತ್ತಿದರು. ಜೋಳದ ಶೀಶೆ ಕೊಟ್ಟಾಗ ತೋಳು ಗಟ್ಟಿ ನಿಂತಿತು. ಗೋಧಿ, ಹಾಲು, ತೊಗರಿ ಬೇಳೆ ಬಂದಾಗ ಸರ್ರನೆ ಇಳೀತು. ಮೂರೂ ಬಿಡಿಸಿ ಅಂದರು, ಹನಿ ಔಷಧದ ಬಾಟ್ಲಿ ಕೊಟ್ಟರು. ನಮ್ಮ ಮನೆಯವರು ಇದು ಶುದ್ಧ ಮೋಸ ಅಂತಾರ. ಆದರೆ ಸರ, ನನ್ನ ಕೈ ನಾನು ಇಳಿಸಿಲ್ಲ. ತಡೀಲಿಕ್ಕೆ ನೋಡಿದೆ, ಆಗಲಿಲ್ಲ. ಇದನ್ನ ನಂಬಬೇಕೋ ಬಿಡಬೇಕೋ? ದುಡ್ಡು ವಾಪಸ್ ಕೇಳಬಹುದೇನು?”

ಅಕ್ಕೋರೆ, ನಂಬಬೇಡಿ. ಆದರೆ ನಿಮ್ಮ ಮನೆಯವರ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ನಿಮ್ಮ ತೋಳು ನಿಜವಾಗಿಯೂ ಇಳಿದಿದೆ. ನೀವು ನಾಟಕ ಮಾಡಿಲ್ಲ. ಒತ್ತಿದವರೂ ಬೇಕಂತಲೇ ಆಟ ಆಡಿರಬೇಕು ಅಂತೇನಿಲ್ಲ. ಇಬ್ಬರೂ ಪ್ರಾಮಾಣಿಕರಾಗಿದ್ದರೂ ಉತ್ತರ ಸುಳ್ಳು ಬರಬಹುದು. ಈ ಪರೀಕ್ಷೆ ಇಷ್ಟು ವರ್ಷ ಉಳಿದುಕೊಂಡಿರುವುದೇ ಅದರಿಂದ.

ಇದನ್ನು ಶುರು ಮಾಡಿದವರು ಅಮೆರಿಕದ ಡೆಟ್ರಾಯಿಟ್‌ನ ಕೈರೋಪ್ರಾಕ್ಟರ್ (ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಮಾಡುವವರು) ಜಾರ್ಜ್ ಗುಡ್‌ಹಾರ್ಟ್, 1964ರಲ್ಲಿ. ಅಪ್ಲೈಡ್ ಕಿನೆಸಿಯಾಲಜಿ ಅಂತ ಹೆಸರಿಟ್ಟರು. ಮೈಯ ಒಂದೊಂದು ಸ್ನಾಯುವಿಗೂ ಒಂದೊಂದು ಒಳ ಅಂಗಕ್ಕೂ ನಂಟಿದೆ, ಅಂಗದಲ್ಲಿ ತೊಂದರೆ ಇದ್ದರೆ ಆ ಸ್ನಾಯು ಸೋಲುತ್ತದೆ ಅನ್ನುವುದು ಅವರ ವಾದ. ಮುಂದೆ ಅದು ಊಟ, ವಿಟಮಿನ್, ಅಲರ್ಜಿಗೂ ಹಬ್ಬಿತು. ಕಾಲೇಜಿನಲ್ಲಿ ಕಲಿಸುವ ಕಿನೆಸಿಯಾಲಜಿ ಬೇರೆ. ಅದು ಮೈ ಹೇಗೆ ಚಲಿಸುತ್ತದೆ ಅನ್ನುವ ಓದು. ಕಲಬುರಗಿಯ ಸರ್ಕಾರಿ ಜಿಮ್ಸ್ ಆಸ್ಪತ್ರೆಯ ಫಿಜಿಯೋಥೆರಪಿ ಕೋಣೆಯಲ್ಲೂ ನಿಮ್ಮ ತೋಳು ಒತ್ತಿ ನೋಡುತ್ತಾರೆ, ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಾರೆ. ಲಕ್ವ ಹೊಡೆದವರ ಕೈಗೆ ಎಷ್ಟು ಬಲ ಮರಳಿತು ಅಂತ ತಿಳಿಯಲು ಅದು ಬೇಕು. ಅಲ್ಲಿ ತೋಳು ಒತ್ತುವುದು ತೋಳಿನ ಸುದ್ದಿ ತಿಳಿಯಲು. ಗೋಧಿಯ ಸುದ್ದಿಯನ್ನು ಯಾರೂ ಅದರ ಹತ್ತಿರ ಕೇಳುವುದಿಲ್ಲ.

ಈಗ ನಿಮ್ಮ ತೋಳಿಗೆ ಬರೋಣ. ಚಾಚಿದ ಕೈಯನ್ನು ಮೊಣಕೈ ಹತ್ತಿರ ಒತ್ತಿದರೆ ತಡೆಯುವುದು ಸುಲಭ. ಅದೇ ಬಲವನ್ನು ಮಣಿಕಟ್ಟಿನ ಹತ್ತಿರ ಹಾಕಿದರೆ ಭುಜದ ಮೇಲೆ ಬೀಳುವ ಭಾರ ಸುಮಾರು ಎರಡು ಪಟ್ಟು. ಬೆರಳು ನಾಲ್ಕಿಂಚು ಆಚೀಚೆ ಸರಿದದ್ದು ಒತ್ತುವವರಿಗೂ ಗೊತ್ತಾಗಲಿಕ್ಕಿಲ್ಲ. ನಿಧಾನ ಒತ್ತಿದರೆ ಸ್ನಾಯು ಸಜ್ಜಾಗುತ್ತದೆ. ನೀವು ಬಿಗಿ ಹಿಡಿಯುವ ಮೊದಲೇ ಒತ್ತಿದರೆ ತೋಳು ಒಂದಿಷ್ಟು ಜಾರುತ್ತದೆ, ಒಮ್ಮೆ ಜಾರಿದ ತೋಳನ್ನು ಅರ್ಧದಲ್ಲಿ ನಿಲ್ಲಿಸುವುದು ಕಷ್ಟ. “ತಡೀಲಿಕ್ಕೆ ನೋಡಿದೆ, ಆಗಲಿಲ್ಲ” ಅಂದಿರಲ್ಲ, ಬಹುಶಃ ಆದದ್ದು ಇದು. ಜೊತೆಗೆ ಆಯಾಸ. ಮೊದಲು ಬಂದದ್ದು ಜೋಳ, ಕಡೆಗೆ ಬಂದದ್ದು ತೊಗರಿ. ಅಷ್ಟೊತ್ತಿಗೆ ಯಾರ ಭುಜವಾದರೂ ದಣಿದಿರುತ್ತದೆ, ಅಲ್ವಾ?

ಇದೆಲ್ಲಕ್ಕಿಂತ ದೊಡ್ಡದು, ಶೀಶೆಯಲ್ಲಿ ಏನಿದೆ ಅಂತ ಇಬ್ಬರಿಗೂ ಗೊತ್ತಿದ್ದದ್ದು. ಮನಸ್ಸು ಒಂದನ್ನು ನಿರೀಕ್ಷಿಸಿದರೆ ಸ್ನಾಯು ಸಣ್ಣಗೆ ಆ ಕಡೆ ವಾಲುತ್ತದೆ, ನಮ್ಮ ಅರಿವಿಗೆ ಬಾರದೆ. ಇಂಗ್ಲೆಂಡಿನ ಶರೀರವಿಜ್ಞಾನಿ ವಿಲಿಯಂ ಕಾರ್ಪೆಂಟರ್ 1852ರಲ್ಲೇ ಇದಕ್ಕೆ ಐಡಿಯೊಮೋಟರ್ ಕ್ರಿಯೆ ಅಂತ ಹೆಸರಿಟ್ಟರು. ನಮ್ಮ ಕಡೆ ಬೋರ್‌ವೆಲ್ ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆಯುತ್ತಾರೆ. ಒಂದು ಜಾಗದಲ್ಲಿ ಕಾಯಿ ಎದ್ದು ನಿಲ್ಲುತ್ತದೆ. ಅವರೂ ಪ್ರಮಾಣ ಮಾಡಿ ಹೇಳುತ್ತಾರೆ, ನಾನು ಎತ್ತಿಲ್ಲ ಅಂತ. ಅವರ ಮಾತು ಅವರ ಮಟ್ಟಿಗೆ ಸತ್ಯ. ಹೊಲದವನ ಸಾಲ ಮಾತ್ರ ಬೇರೆ ಸತ್ಯ ಹೇಳುತ್ತಿರುತ್ತದೆ.

ಇದು ನಿರೀಕ್ಷೆಯ ಆಟವೋ ಗೋಧಿಯ ಗುಣವೋ ಅಂತ ತಿಳಿಯುವುದು ಹೇಗೆ? ಶೀಶೆಯಲ್ಲಿ ಏನಿದೆ ಅಂತ ಆ ಕೋಣೆಯಲ್ಲಿ ಯಾರಿಗೂ ಗೊತ್ತಿಲ್ಲದಂತೆ ಮಾಡಿ ನೋಡಬೇಕು. ಗೋಧಿಗೆ ಶಕ್ತಿ ಇದ್ದರೆ ಲೇಬಲ್ ಮುಚ್ಚಿದರೂ ತೋಳು ಇಳಿಯಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ರೇ ಹೈಮನ್ ಇಂಥದೊಂದು ಪ್ರಸಂಗ ಬರೆದಿದ್ದಾರೆ. ಕೈರೋಪ್ರಾಕ್ಟರ್‌ಗಳ ಒಂದು ಗುಂಪು ಮೊದಲು ಎಲ್ಲರ ಮುಂದೆ ತೋರಿಸಿತು: ನಾಲಿಗೆ ಮೇಲೆ ಗ್ಲೂಕೋಸ್ ಹನಿ ಬಿದ್ದರೆ ತೋಳು ಸೋಲುತ್ತದೆ, ಫ್ರಕ್ಟೋಸ್ ಬಿದ್ದರೆ ಗಟ್ಟಿ ನಿಲ್ಲುತ್ತದೆ. ಆಮೇಲೆ ಬಾಟ್ಲಿಗಳ ಮೇಲೆ ಬರೀ ಗುರುತು ಹಾಕಿದರು, ಯಾವುದರಲ್ಲಿ ಯಾವ ಸಕ್ಕರೆ ಅಂತ ಒತ್ತುವವರಿಗೂ ಒತ್ತಿಸಿಕೊಳ್ಳುವವರಿಗೂ ತಿಳಿಸಲಿಲ್ಲ. ತೋಳಿನ ಉತ್ತರಕ್ಕೂ ಸಕ್ಕರೆಗೂ ಸಂಬಂಧವೇ ಇಲ್ಲದೆ ಹೋಯಿತು. ಆಗ ಗುಂಪಿನ ಹಿರಿಯ ಏನೆಂದ ಗೊತ್ತೇ? ನೋಡಿ, ಇದಕ್ಕೇ ನಾವು ಇಂಥ ಮುಚ್ಚಿಟ್ಟ ಪರೀಕ್ಷೆ ಮಾಡುವುದನ್ನೇ ಬಿಟ್ಟಿದ್ದೇವೆ, ಅದು ಯಾವತ್ತೂ ಸರಿ ಬರುವುದಿಲ್ಲ ಅಂದನಂತೆ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡರು ಹೈಮನ್. ಆತ ತಮಾಷೆ ಮಾಡುತ್ತಿರಲಿಲ್ಲ.

ಇದು ಒಂದೇ ಗುಂಪಿನ ಕತೆಯಲ್ಲ. 1988ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅನುಭವ ಇದ್ದ ಮೂವರು 11 ಜನರನ್ನು ಪರೀಕ್ಷಿಸಿ, ವಿಟಮಿನ್ ಎ, ವಿಟಮಿನ್ ಸಿ, ಥಯಮಿನ್, ಸತು ಇವುಗಳಲ್ಲಿ ಯಾರಿಗೆ ಯಾವುದರ ಕೊರತೆ ಅಂತ ಹೇಳಿದರು. ಮೂವರ ಉತ್ತರ ಒಬ್ಬರದ್ದೊಬ್ಬರಿಗೆ ತಾಳೆಯಾಗಲಿಲ್ಲ, ಲ್ಯಾಬ್ ರಿಪೋರ್ಟಿಗೂ ತಾಳೆಯಾಗಲಿಲ್ಲ. 2001ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಕಣಜದ ಹುಳುವಿನ ವಿಷಕ್ಕೆ ಅಲರ್ಜಿ ಇದ್ದವರನ್ನು ತೆಗೆದುಕೊಂಡರು. ಅವರಿಗೆ ಯಾವುದು ಆಗುವುದಿಲ್ಲ ಅಂತ ಮೊದಲೇ ಖಚಿತ. ಆದರೂ ಮುಚ್ಚಿದ ಬಾಟ್ಲಿಗಳಲ್ಲಿ ವಿಷ ಯಾವುದು ಅಂತ ತೋಳು ಕಂಡುಹಿಡಿದದ್ದು ಸುಮ್ನೆ ಊಹೆ ಮಾಡಿದಷ್ಟೇ. ಚಿಕಿತ್ಸೆ ಹೇಗಿರಬೇಕು ಅಂತ ಡಾಕ್ಟರುಗಳಿಗೆ ಸೂಚನೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ ಮಕ್ಕಳ ಆಹಾರದ ಅಲರ್ಜಿ ಬಗ್ಗೆ 2011ರಲ್ಲಿ ಕೊಟ್ಟ ಸೂಚನೆಯಲ್ಲಿ ಈ ಪರೀಕ್ಷೆಯನ್ನು ಬಳಸಲೇಬೇಡಿ ಅಂತ ಹೆಸರು ಹಿಡಿದು ಹೇಳಿದೆ.

ನಿಮ್ಮ ವಿಷಯದಲ್ಲಂತೂ ಇನ್ನೂ ಒಂದು ವಿಚಿತ್ರ. ಹೊಟ್ಟೆ ಮಗಳದ್ದು, ತೋಳು ನಿಮ್ಮದು! ಶೀಶೆಯ ಗಾಜು ದಾಟಿ, ಮಗಳ ಮೈ ದಾಟಿ, ನಿಮ್ಮ ಎಡಗೈಯಿಂದ ಬಲಗೈಗೆ ಗೋಧಿ ಸುದ್ದಿ ಮುಟ್ಟಿಸಿತೇ? ಯಾವ ನರದಲ್ಲಿ, ಯಾವ ದಾರಿಯಲ್ಲಿ? ಅದಕ್ಕೆ ಶಿಬಿರದವರ ಹತ್ತಿರ ‘ಎನರ್ಜಿ’ ಅನ್ನುವ ಒಂದೇ ಉತ್ತರ ಇರುತ್ತದೆ.

ಮನೆಯಲ್ಲೇ ನೋಡಬೇಕೆಂದರೆ ನೋಡಿ, ಮಗಳನ್ನು ಮಾತ್ರ ಹೊರಗಿಡಿ. ಬಣ್ಣ, ತೂಕ ಎಲ್ಲ ಒಂದೇ ಆಗಿರುವ, ಒಳಗಿನದು ಕಾಣದ ಎರಡು ಡಬ್ಬಿ ತನ್ನಿ. ಒಂದಕ್ಕೆ ಗೋಧಿ ಹಿಟ್ಟು, ಒಂದಕ್ಕೆ ಜೋಳದ ಹಿಟ್ಟು. ಬೇರೆ ಕೋಣೆಯಲ್ಲಿ ಕೂತ ಮೂರನೆಯವರು ಪ್ರತಿ ಸಲ ನಾಣ್ಯ ಹಾರಿಸಿ ಡಬ್ಬಿ ಆರಿಸಲಿ, ಬರೆದಿಡಲಿ, ಬಾಗಿಲ ಹೊರಗೆ ಇಟ್ಟು ಹೋಗಲಿ. ನಿಮ್ಮ ಮನೆಯವರೇ ಒತ್ತಲಿ, ಬೇಕಾದರೆ ಶಿಬಿರದವರನ್ನೇ ಕರೆಯಿರಿ. ಹತ್ತು ಸಲ ಮಾಡಿ, ಆಮೇಲೆ ಚೀಟಿ ಬಿಚ್ಚಿ. ಸುಮ್ನೆ ಊಹಿಸಿದರೂ ಐದಾರು ಸರಿ ಬರುತ್ತವೆ. ಹತ್ತಕ್ಕೆ ಹತ್ತೂ ಊಹೆಯಿಂದಲೇ ಬರುವ ಸಾಧ್ಯತೆ 1024ರಲ್ಲಿ ಒಂದು. ಅಷ್ಟು ಬಂದರೆ ನನಗೆ ಬರೆಯಿರಿ, ನಾನೇ ಆಳಂದಕ್ಕೆ ಬರುತ್ತೇನೆ.

ಈಗ ಮಗಳ ಊಟದ ಮಾತು. ನನಗೆ ಜಾಸ್ತಿ ಚಿಂತೆ ಇರುವುದು ಇದರ ಬಗ್ಗೆ. ಬೆಳೆಯುವ ಮಗುವಿನ ತಾಟಿನಿಂದ ಹಾಲನ್ನೂ ಬೇಳೆಯನ್ನೂ ಒಟ್ಟಿಗೆ ತೆಗೆದರೆ ಪ್ರೋಟೀನು, ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಅದೂ 2019ರಲ್ಲಿ ಜಿಐ ಟ್ಯಾಗ್ ಪಡೆದ ತೊಗರಿ ಬೆಳೆಯುವ ಜಿಲ್ಲೆಯಲ್ಲಿ ಕೂತು! ಬೇಳೆ ಇವತ್ತೇ ಶುರು ಮಾಡಿ. ಗೋಧಿಯನ್ನೂ ಬಿಡಿಸಬೇಡಿ, ಅದಕ್ಕೆ ಬೇರೆಯದೇ ಕಾರಣ ಇದೆ. ಗೋಧಿಯಿಂದ ಕರುಳು ಹಾಳಾಗುವ ಸೀಲಿಯಾಕ್ ಅನ್ನುವ ನಿಜವಾದ ಕಾಯಿಲೆ ಇದೆ. ಅದನ್ನು ರಕ್ತ ಪರೀಕ್ಷೆಯಲ್ಲಿ ಹಿಡಿಯಬಹುದು, ಆದರೆ ಮಗು ಗೋಧಿ ತಿನ್ನುತ್ತಿರುವಾಗಲೇ ಪರೀಕ್ಷೆ ಆಗಬೇಕು. ತಿಂಗಳುಗಟ್ಟಲೆ ಚಪಾತಿ ಬಿಡಿಸಿ ಹೋದರೆ ಕಾಯಿಲೆ ಇದ್ದರೂ ರಿಪೋರ್ಟು ‘ಇಲ್ಲ’ ಅನ್ನಬಹುದು. ಜೋಳದ ರೊಟ್ಟಿ ಉಣ್ಣುವ ನಮ್ಮಲ್ಲಿ ಗೋಧಿ ಬಿಡುವುದು ಕಷ್ಟವೇ ಅಲ್ಲ. ಅದಕ್ಕೇ ಯಾರೂ ಎರಡು ಸಲ ಯೋಚಿಸುವುದಿಲ್ಲ. ಹಾಲು ಕೆಲವರಿಗೆ ನಿಜಕ್ಕೂ ಜೀರ್ಣವಾಗುವುದಿಲ್ಲ. ಅನುಮಾನ ಇದ್ದರೆ ಡಾಕ್ಟರ ಸಲಹೆಯಂತೆ ಹಾಲೊಂದನ್ನೇ ಕೆಲವು ದಿನ ನಿಲ್ಲಿಸಿ, ಮತ್ತೆ ಕೊಟ್ಟು ನೋಡುತ್ತಾರೆ.

ಹಾಗಾದರೆ ಹೊಟ್ಟೆನೋವು ಯಾಕೆ? ಪತ್ರ ನೋಡಿ ನಾನು ಹೇಳಲಾರೆ. ಈ ವಯಸ್ಸಿನಲ್ಲಿ ಮಲಬದ್ಧತೆ ತುಂಬಾ ಸಾಮಾನ್ಯ. ಶಾಲೆಯ ಶೌಚಾಲಯಕ್ಕೆ ಹೋಗಲು ಇಷ್ಟವಿಲ್ಲದೆ ತಡೆದುಕೊಳ್ಳುವ ಹುಡುಗಿಯರನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಜಂತುಹುಳು ಇರಬಹುದು. ಫೆಬ್ರುವರಿ, ಆಗಸ್ಟ್‌ನಲ್ಲಿ ಶಾಲೆಯಲ್ಲಿ ಮಾತ್ರೆ ಕೊಡುವವರು ನೀವೇ, ಮಗಳು ನುಂಗಿದಳಾ ನೋಡಿ. ಮೂತ್ರದ ಸೋಂಕೂ ಇರಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಬೇಕಾದರೆ ಅವರೇ ಜಿಮ್ಸ್‌ನ ಮಕ್ಕಳ ವಿಭಾಗಕ್ಕೆ ಬರೆದುಕೊಡುತ್ತಾರೆ. ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ನೋವಿನಿಂದ ರಾತ್ರಿ ಎಚ್ಚರವಾದರೆ, ವಾಂತಿ ನಿಲ್ಲದಿದ್ದರೆ ತಡ ಮಾಡಬೇಡಿ.

ಇನ್ನೊಂದು ಮಾತು, ನಿಮಗಲ್ಲ, ಉಳಿದ ಓದುಗರಿಗೆ. ಈ ಪರೀಕ್ಷೆ ‘ಆಗುವುದಿಲ್ಲ’ ಅಂದಾಗ ಊಟ ಕಡಿಮೆಯಾಗುತ್ತದೆ. ‘ಆಗುತ್ತದೆ’ ಅಂದಾಗ ಪ್ರಾಣವೇ ಹೋಗಬಹುದು. ಶೇಂಗಾ ತಿಂದು ಹಿಂದೆ ತುಟಿ ಊದಿದವರಿಗೆ, ಉಸಿರು ಕಟ್ಟಿದವರಿಗೆ “ತೋಳು ಗಟ್ಟಿ ನಿಂತಿತು, ತಿನ್ನಿ” ಅಂದರೆ ಏನು ಗತಿ? ಶೇಂಗಾ ಹಿಂಡಿ ಇಲ್ಲದ ಊಟವೇ ನಮ್ಮಲ್ಲಿ ಕಡಿಮೆ. ಅಂಥವರು ಚರ್ಮದ ಮೇಲೆ ಹನಿ ಹಾಕಿ ಚುಚ್ಚಿ ನೋಡುವ ಪ್ರಿಕ್ ಟೆಸ್ಟನ್ನು ಅಲರ್ಜಿ ಡಾಕ್ಟರ ಹತ್ತಿರ ಮಾಡಿಸಬೇಕು. ಹದಿನೈದಿಪ್ಪತ್ತು ನಿಮಿಷದಲ್ಲಿ ಫಲಿತಾಂಶ ಸಿಗುತ್ತದೆ. ಡಾಕ್ಟರು ಅದನ್ನು ನಿಮ್ಮ ಹಿಂದಿನ ತೊಂದರೆಯ ಜೊತೆ ಇಟ್ಟು ತೀರ್ಮಾನಿಸುತ್ತಾರೆ.

ದುಡ್ಡಿನ ವಿಷಯ. ಕೇಳಬಹುದು, ಕೇಳಿ. ಮೊದಲು ರಸೀದಿ, ಕರಪತ್ರ, ಬಾಟ್ಲಿ ಮೂರನ್ನೂ ಎತ್ತಿಡಿ. ಬಾಟ್ಲಿ ಮೇಲೆ ಒಳಗೇನಿದೆ, ಯಾರು ತಯಾರಿಸಿದರು, ಬ್ಯಾಚ್ ನಂಬರ್ ಎಷ್ಟು ಅಂತ ಇಲ್ಲದಿದ್ದರೆ ಒಂದು ಹನಿಯನ್ನೂ ಮಗುವಿಗೆ ಹಾಕಬೇಡಿ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಕರಪತ್ರದಲ್ಲಿ ಅಚ್ಚು ಹಾಕಿದ್ದರೆ ಅದು 1954ರ ಮಾಂತ್ರಿಕ ಪರಿಹಾರಗಳ ಜಾಹೀರಾತು ಕಾಯ್ದೆಗೆ ವಿರುದ್ಧ, ಜಿಲ್ಲಾ ಆರೋಗ್ಯಾಧಿಕಾರಿಗೆ ದೂರು ಕೊಡಬಹುದು. ಶಿಬಿರದವರು ಹಣ ವಾಪಸ್ ಕೊಡದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರೂ ಬೇಕೇಬೇಕು ಅಂತಿಲ್ಲ.