ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಉಪನ್ಯಾಸಕಿ. ಈ ವರ್ಷ 24 ವಿದ್ಯಾರ್ಥಿಗಳಿಗೆ ಮೆಂಟರ್ (ಮಾರ್ಗದರ್ಶಕಿ). ಹೆಚ್ಚಿನವರ ಮನೆಯಲ್ಲಿ ಕಾಲೇಜು ಕಂಡವರಿಲ್ಲ. ‘ಏನೇ ತೊಂದರೆಯಿದ್ದರೂ ಬನ್ನಿ’ ಎಂದಿದ್ದೆ. ಎರಡು ತಿಂಗಳಾಯಿತು, ಒಬ್ಬರೂ ಬಂದಿಲ್ಲ.
— ಉಪನ್ಯಾಸಕಿ, ಹಾವೇರಿ ಜಿಲ್ಲೆ

ಉತ್ತರ: ಅವರಾಗಿ ಬರುವುದಿಲ್ಲ. ಅಕ್ಕನೋ ಅಣ್ಣನೋ ಡಿಗ್ರಿ ಓದಿದ ಮನೆಯಲ್ಲಿ ‘ಇಂಟರ್ನಲ್ಸ್ (ಕಾಲೇಜಿನ ಒಳಪರೀಕ್ಷೆ) ಬರೆದೆಯಾ? ಸ್ಕಾಲರ್‌ಶಿಪ್ ಅರ್ಜಿ ಹಾಕಿದೆಯಾ?’ ಎಂದು ಊಟಕ್ಕೆ ಕೂತಾಗ ಯಾರಾದರೂ ಕೇಳಿಯೇ ಕೇಳುತ್ತಾರೆ. ಈ ಮಕ್ಕಳಿಗೆ ಹಾಗೆ ಕೇಳುವವರಿಲ್ಲ. ತಪ್ಪಿಹೋಗುತ್ತಿರುವುದು ಏನೆಂದೇ ಗೊತ್ತಿಲ್ಲದ ಮೇಲೆ ತೊಂದರೆ ಎಂದು ಹೇಳಿಕೊಂಡು ಬರುವುದಾದರೂ ಹೇಗೆ? ನೀವೇ ಹೆಸರು ಹಿಡಿದು ಕರೆಯಬೇಕು.

ಇಪ್ಪತ್ತನಾಲ್ಕು ಜನರನ್ನು ಒಟ್ಟಿಗೆ ಕೂರಿಸಬೇಡಿ, ಯಾರೂ ಬಾಯಿ ಬಿಡುವುದಿಲ್ಲ. ದಿನಕ್ಕೆ ಮೂವರು, ತಲಾ ಹತ್ತು ನಿಮಿಷದಂತೆ ಎಂಟು ದಿನಕ್ಕೆ ಒಂದು ಸುತ್ತು. ಸೆಮಿಸ್ಟರಿಗೆ ಮೂರು ಸುತ್ತು ಸಾಕು: ಮೂರನೇ ವಾರ, ಮೊದಲ ಇಂಟರ್ನಲ್ಸ್ ಅಂಕ ಬಂದಾಗ, ಪರೀಕ್ಷಾ ಶುಲ್ಕದ ಕೊನೆಯ ದಿನಕ್ಕೆ ಮುಂಚೆ. ಎರಡನೆಯದನ್ನು ಮಾತ್ರ ಎಷ್ಟೇ ಕೆಲಸವಿದ್ದರೂ ಬಿಡಬೇಡಿ. ಸರಿಪಡಿಸಲು ಸಮಯ ಉಳಿದಿರುವುದು ಆಗಲೇ.

‘ಹೇಗೆ ನಡೀತಿದೆ?’ ಎಂದರೆ ‘ಚೆನ್ನಾಗಿದೆ ಮೇಡಂ’ ಎನ್ನುತ್ತಾರೆ. ‘ಬಸ್ಸು ಎಷ್ಟು ಗಂಟೆಗೆ ಬಂದು ಮುಟ್ಟುತ್ತೆ? ಮೊದಲ ಪೀರಿಯಡ್ ಯಾವುದು?’ ಎಂದು ಕೇಳಿ. ವಾರಕ್ಕೆ 4 ಗಂಟೆಯ ವಿಷಯವೆಂದರೆ 16 ವಾರಕ್ಕೆ 64 ತರಗತಿ. ಪರೀಕ್ಷೆಗೆ ಕೂರಲು ಬೇಕಾದ ಶೇ. 75 ಹಾಜರಾತಿಗೆ 48 ಬೇಕು, ತಪ್ಪಿಸಲು ಸಿಗುವುದು 16. ಹತ್ತಿ ಬಿಡಿಸಲು ಎರಡು ವಾರ ಮನೆಯಲ್ಲಿ ಉಳಿದರೆ ಅದರಲ್ಲಿ 8 ಹೋಯಿತು. ಬಸ್ಸು ದಿನಾ ಅರ್ಧ ಗಂಟೆ ತಡವಾದರೆ ಪೆಟ್ಟು ಬೀಳುವುದು ಮೊದಲ ಪೀರಿಯಡ್ಡಿನ ವಿಷಯಕ್ಕೆ. ಉಳಿದವುಗಳ ಹಾಜರಾತಿ ಚೆನ್ನಾಗಿಯೇ ಇರುವುದರಿಂದ ಹಾಲ್ ಟಿಕೆಟ್ ತನಕ ಯಾರ ಗಮನಕ್ಕೂ ಬರುವುದಿಲ್ಲ. ಅದೇ ದಾರಿಯ ಮಕ್ಕಳ ಪಟ್ಟಿ ಮಾಡಿ, ಪ್ರಾಂಶುಪಾಲರ ಪತ್ರದೊಂದಿಗೆ ಬಸ್ ಡಿಪೋ ವ್ಯವಸ್ಥಾಪಕರನ್ನು ಕಾಣಿ. ಆಗದಿದ್ದರೆ ಮೊದಲ ಪೀರಿಯಡ್ಡಿಗೆ ದಿನಾ ಒಂದೇ ವಿಷಯ ಬಾರದಂತೆ ವೇಳಾಪಟ್ಟಿ ಬದಲಿಸಿ.

ಪ್ರಶ್ನೆ: ನಾನು ಗಾರೆ ಕೆಲಸದವನು. ತಂಗಿ ಬಿಕಾಂ ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಫೇಲು. ಮನೆಯಲ್ಲಿ ‘ಓದು ಸಾಕು’ ಅನ್ನುತ್ತಿದ್ದಾರೆ.
— ಒಬ್ಬ ಅಣ್ಣ, ಬೆಂಗಳೂರು

ಉತ್ತರ: ಬಿಡಿಸಬೇಡಿ. ಮನೆಯವರು ಎಸ್ಸೆಸ್ಸೆಲ್ಸಿಯ ಲೆಕ್ಕದಲ್ಲಿ ನೋಡುತ್ತಿರಬಹುದು. ಅಲ್ಲಿ ಫೇಲಾದರೆ ಪಾಸಾಗುವವರೆಗೆ ಮುಂದಿನ ದಾರಿ ನಿಲ್ಲುತ್ತದೆ. ಬಿಕಾಂನಲ್ಲಿ ಸಾಮಾನ್ಯವಾಗಿ ಆ ಎರಡು ವಿಷಯ ಬಾಕಿ ಇಟ್ಟುಕೊಂಡೇ ಎರಡನೇ ಸೆಮಿಸ್ಟರ್ ಓದಬಹುದು. ಕಾಲೇಜಿನಲ್ಲೂ ಇದನ್ನು ಕೇಳಿ ಖಚಿತಪಡಿಸಿಕೊಂಡು ಅಪ್ಪ ಅಮ್ಮನಿಗೆ ಹೇಳಿ.

ಈ ವಾರವೇ ಅವಳ ಜೊತೆ ಕೂತು ಅಂಕಪಟ್ಟಿ ನೋಡಿ. ಫೇಲಾದದ್ದು ಇಂಟರ್ನಲ್ ಅಂಕ ಸಾಲದೆಯೋ, ಥಿಯರಿಯಲ್ಲಿ ಕನಿಷ್ಠ ಅಂಕ ಬಾರದೆಯೋ, ಪರೀಕ್ಷೆಗೇ ಹೋಗದೆಯೋ? ಮೂರಕ್ಕೂ ಮದ್ದು ಬೇರೆ ಬೇರೆ. ಎರಡು-ಮೂರು ಅಂಕದಲ್ಲಿ ಹೋಗಿದ್ದರೆ ಉತ್ತರಪತ್ರಿಕೆಯ ನಕಲು, ಮರುಮೌಲ್ಯಮಾಪನದ ಬಗ್ಗೆ ಕಚೇರಿಯಲ್ಲಿ ಇಂದೇ ವಿಚಾರಿಸಿ. ಆ ಅವಕಾಶ ಕೆಲವೇ ದಿನ. ಪಿಯುಸಿವರೆಗೆ ಕನ್ನಡ ಮಾಧ್ಯಮವಾಗಿದ್ದು ಅಕೌಂಟೆನ್ಸಿಯಲ್ಲಿ ಹೋಗಿದ್ದರೆ ಹೆಚ್ಚಾಗಿ ಲೆಕ್ಕ ಬಂದಿರುತ್ತದೆ, ಪ್ರಶ್ನೆಯ ಇಂಗ್ಲಿಷ್ ಅರ್ಥವಾಗಿರುವುದಿಲ್ಲ. ಹಳೆಯ ಐದು ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಐವತ್ತು ಪದ ಆರಿಸಿ, ಕನ್ನಡ ಅರ್ಥದೊಂದಿಗೆ ಬರೆಸಿ. ನಾಲ್ಕನೇ ಸೆಮಿಸ್ಟರಿನಲ್ಲಿ ಓದುತ್ತಿರುವ, ಅದೇ ವಿಷಯ ಪಾಸಾದ ಹುಡುಗಿಯೊಬ್ಬಳನ್ನು ವಾರಕ್ಕೆರಡು ದಿನ ಜೊತೆ ಕೂರಿಸಿದರೆ ಇನ್ನೂ ಒಳ್ಳೆಯದು. ಬಾಕಿ ವಿಷಯಕ್ಕೆ ಪರೀಕ್ಷಾ ಶುಲ್ಕ ಬೇರೆ ಕಟ್ಟಬೇಕು. ಮರೆತರೆ ಮುಂದಿನ ಸರದಿಯವರೆಗೆ ಕಾಯಬೇಕಾದೀತು.

ಪ್ರಶ್ನೆ: ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣ) ಸ್ಕಾಲರ್‌ಶಿಪ್ ಮಂಜೂರಾಗಿದೆ, ನನ್ನ ಪಾಸ್‌ಬುಕ್ಕಿನಲ್ಲಿ ಹಣವಿಲ್ಲ.
— ಬಿಎ ವಿದ್ಯಾರ್ಥಿ, ಕೊಪ್ಪಳ

ಉತ್ತರ: ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ನಿಮಗೆ ಎರಡು ಖಾತೆಗಳಿದ್ದರೆ ಕೊನೆಗೆ ಜೋಡಿಸಿದ್ದರಲ್ಲಿ ನೋಡಿ; ಶಾಲೆಯಲ್ಲಿದ್ದಾಗ ತೆರೆದ ಖಾತೆಯೂ ಆಗಿರಬಹುದು. ಆಧಾರ್ ಜಾಲತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ನಲ್ಲಿ ಬ್ಯಾಂಕಿನ ಹೆಸರು ಸಿಗುತ್ತದೆ. ಅಲ್ಲೂ ಇಲ್ಲದಿದ್ದರೆ ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಅಕ್ಷರಗಳು ಒಂದೇ ಇವೆಯೇ ನೋಡಿಕೊಂಡು, ಅರ್ಜಿ ಸಂಖ್ಯೆಯೊಂದಿಗೆ ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗಕ್ಕೆ ದೂರನ್ನು ಬರವಣಿಗೆಯಲ್ಲೇ ಕೊಡಿ.