ಕಥೆಯ ಐಡಿಯಾ ಕದ್ದರೆ ಕೇಸ್ ಹಾಕಬಹುದೇ?

ನಿರ್ದೇಶಕರೊಬ್ಬರಿಗೆ ಕಥೆಯ ಎಳೆ ಹೇಳಿದ್ದೆ, ಅದನ್ನೇ ಅವರು ಸಿನಿಮಾ ಮಾಡಿದ್ದಾರೆ, ಕಾಪಿರೈಟ್ ಕೇಸ್ ನಿಲ್ಲುತ್ತದಾ ಅಂತ ಕೇಳಿದ್ದೀರಿ. ಬಾಯಲ್ಲಿ ಹೇಳಿದ ಎಳೆ ಅಷ್ಟೇ ಆದರೆ ಕಷ್ಟ. 1957ರ ಕಾಪಿರೈಟ್ ಕಾಯ್ದೆ ಕಾಪಾಡುವುದು ನೀವು ಬರೆದದ್ದನ್ನು, ತಲೆಯಲ್ಲಿರುವ ಐಡಿಯಾವನ್ನಲ್ಲ.

ಇದಕ್ಕೆ ಆರ್.ಜಿ. ಆನಂದ್ ಕೇಸ್ ನೋಡಿ. ಅವರ ‘ಹಮ್ ಹಿಂದುಸ್ತಾನಿ’ ನಾಟಕದಲ್ಲಿ ಪಂಜಾಬಿ ಮತ್ತು ಮದ್ರಾಸಿ ಮನೆಯ ಮಕ್ಕಳು ಪ್ರೀತಿಸುತ್ತಾರೆ, ಹಿರಿಯರು ಒಪ್ಪುವುದಿಲ್ಲ. ಆನಂದ್ ಈ ನಾಟಕವನ್ನು ಒಬ್ಬ ನಿರ್ದೇಶಕರಿಗೆ ಪೂರ್ತಿ ಓದಿ ಹೇಳಿದ್ದರು. 1956ರಲ್ಲಿ ಅದೇ ನಿರ್ದೇಶಕರ ‘ನ್ಯೂ ಡೆಲ್ಲಿ’ ಸಿನಿಮಾ ಬಂತು. ಅಲ್ಲೂ ಪಂಜಾಬಿ-ಮದ್ರಾಸಿ ಪ್ರೀತಿ! ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ? ಆದರೂ 1978ರಲ್ಲಿ ಸುಪ್ರೀಂ ಕೋರ್ಟ್ ಆನಂದ್ ವಿರುದ್ಧ ತೀರ್ಪು ಕೊಟ್ಟಿತು. ಯಾಕೆಂದರೆ ಸಿನಿಮಾದಲ್ಲಿ ನಾಟಕದಲ್ಲಿಲ್ಲದ ವಿಷಯಗಳಿದ್ದವು: ಬೇರೆ ಪ್ರಾಂತ್ಯದವರಿಗೆ ಬಾಡಿಗೆ ಮನೆ ಸಿಗದ ಪಾಡಿತ್ತು, ವರದಕ್ಷಿಣೆಯ ವಿಷಯವೂ ಇತ್ತು. ನಾಟಕ, ಸಿನಿಮಾ ಎರಡನ್ನೂ ನೋಡಿದವರಿಗೆ ಇದು ಅದರದೇ ನಕಲು ಅನ್ನಿಸಬೇಕು, ಆಗ ಮಾತ್ರ ಉಲ್ಲಂಘನೆ ಅಂದಿತು ಕೋರ್ಟ್. ಆನಂದ್ ಅವರಿಗೆ ಬೇಸರವಾಗಿರಬೇಕು. ಆದರೆ ತೀರ್ಪು ಸರಿ ಅಂತಲೇ ನನ್ನ ಅನಿಸಿಕೆ. ಇಲ್ಲದಿದ್ದರೆ ಮನೆಯವರು ಒಪ್ಪದ ಪ್ರೀತಿಯ ಬಗ್ಗೆ ಇನ್ಯಾರೂ ಸಿನಿಮಾ ಮಾಡುವ ಹಾಗೇ ಇರುತ್ತಿರಲಿಲ್ಲ.

ನಿಮ್ಮ ಹತ್ತಿರ ಬರೆದ ಚಿತ್ರಕಥೆ ಇದ್ದು, ದೃಶ್ಯ, ಸಂಭಾಷಣೆಗಳೇ ಹೊಂದುತ್ತಿದ್ದರೆ ಮಾತು ಬೇರೆ. ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯವಲ್ಲ, ಆದರೆ ಕೋರ್ಟಿನಲ್ಲಿ ಸಾಕ್ಷಿಯಾಗಿ ಉಪಯೋಗಕ್ಕೆ ಬರುತ್ತದೆ. ಇನ್ನು ಮುಂದೆ ಕಥೆ ಹೇಳುವ ಮೊದಲು ಚಿತ್ರಕಥೆಯನ್ನು ಅವರಿಗೆ ಇಮೇಲ್ ಮಾಡಿಡಿ. ಗುಟ್ಟು ಬಿಟ್ಟುಕೊಡುವುದಿಲ್ಲ ಅಂತ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು.